ಶೈಲಜಾಳ ಬ್ಲಾಗಿಗೆ ಹೊಸ ಬಣ್ಣ

ಹುಬ್ಬಳ್ಳಿಯಲ್ಲಿ ಶೈಲಜಾ ಅಂತ ಒಬ್ಬ ಹೆಣ್ಣುಮಗಳು... ಬ್ಯಾಂಕಿನಲ್ಲಿ ಕೆಲಸ. ಬಿಡುವು ಸಿಕ್ಕಾಗಲೆಲ್ಲ ತನ್ನ ಬ್ಲಾಗಿನಲ್ಲಿ ಬರೆಯುತ್ತಿದ್ದಳು.

ಬಾಲ್ಯದ ನೆನಪು, ಮನೆಯ ಸಣ್ಣಪುಟ್ಟ ಸಂಗತಿ, ತೀರಿಹೋದ ಅವ್ವನ ಮಾತುಗಳು... ಬರವಣಿಗೆ ಚೆನ್ನಾಗಿಯೇ ಇತ್ತು.

ಅವಳ ಕಾಲೋನಿಯಲ್ಲೇ ಮಹಾನಂದಾ ಎಂಬ ಗೆಳತಿ. ಶೈಲಜಾಳನ್ನು ನೋಡಿಯೇ ಅವಳೂ ಬ್ಲಾಗ್ ಶುರು ಮಾಡಿದಳು. ಅಕೌಂಟ್ ತೆರೆದುಕೊಟ್ಟವಳೂ ಶೈಲಜಾಳೇ.

ಆದರೆ ವರ್ಷ ತುಂಬುವುದರೊಳಗೆ ಮಹಾನಂದಾಳ ಬ್ಲಾಗಿಗೆ ಓದುಗರು ಹೆಚ್ಚಾದರು... ಏನು ಬರೆದರೂ ಕೆಳಗೆ ಸಾಲುಸಾಲು ಕಾಮೆಂಟ್.

ಶೈಲಜಾಳ ಬ್ಲಾಗಿನಲ್ಲಿ ಒಂದೋ ಎರಡೋ. ಅದರಲ್ಲಿ ಒಂದು ಯಾವಾಗಲೂ ಅಪ್ಪನದು... "ಛಲೋ ಬರದೀ."

ಮೊದಮೊದಲು ಶೈಲಜಾ ನಕ್ಕು ಸುಮ್ಮನಾದಳು. ಆಮೇಲೆ ಆ ನಗು ಬರಲಿಲ್ಲ.

ಬೆಳಿಗ್ಗೆ ಎದ್ದ ಕೂಡಲೇ ನೋಡುತ್ತಿದ್ದದ್ದು ತನ್ನ ಬ್ಲಾಗನ್ನಲ್ಲ... ಮಹಾನಂದಾಳದನ್ನು. ಯಾರು ಹೊಗಳಿದ್ದಾರೆ, ಏನಂತ ಹೊಗಳಿದ್ದಾರೆ... ಓದಿದಷ್ಟೂ ಎದೆ ಉರಿಯುತ್ತಿತ್ತು. ಆದರೂ ಓದದೆ ಇರಲಾಗುತ್ತಿರಲಿಲ್ಲ.

ಅವಳಿಗೆ ಅರ್ಥವಾಗದ್ದು ಒಂದೇ. ಮಹಾನಂದಾಳ ಬ್ಲಾಗಿನಲ್ಲಿ ನೋಡಲು ಏನೂ ಇರಲಿಲ್ಲ. ಬಿಳಿ ಪುಟ, ಕಪ್ಪು ಅಕ್ಷರ. ಅದೂ ಒಂದನೇ ಕ್ಲಾಸಿನ ಪುಸ್ತಕದಂತೆ ದೊಡ್ಡ ದೊಡ್ಡ ಅಕ್ಷರ.

"ಅದೇನು ಬ್ಲಾಗೋ, ಸುಣ್ಣ ಹೊಡೆದ ಗೋಡೆಯೋ" ಅಂತ ಬ್ಯಾಂಕಿನಲ್ಲಿ ಎಲ್ಲರೆದುರು ಆಡಿಕೊಂಡಳು. ಯಾರೂ ನಗಲಿಲ್ಲ. ಪಕ್ಕದ ಕೌಂಟರಿನವಳು, ತನ್ನ ಅತ್ತೆ ದಿನಾ ಮಹಾನಂದಾಳ ಬ್ಲಾಗ್ ಓದುತ್ತಾರೆ ಅಂದಳು.

ಅವತ್ತೇ ಶೈಲಜಾ ತನ್ನ ಬ್ಲಾಗಿನ ರೂಪ ಬದಲಿಸಲು ಕೂತಳು...

ಮೊದಲೂ ಬಣ್ಣದ ಪುಟ, ಸಣ್ಣ ಅಕ್ಷರವೇ ಇತ್ತು. ಈಗ ಹೊಸ ಥೀಮ್. ಹಿನ್ನೆಲೆಗೆ ಉಣಕಲ್ ಕೆರೆಯ ಸಂಜೆಯ ಫೋಟೋ. ಅದರ ಮೇಲೆ ತೆಳ್ಳನೆಯ ಬೆಳ್ಳಿ ಬಣ್ಣದ ಅಕ್ಷರ. ಪುಟ ತೆರೆದರೆ ಕೊಳಲಿನ ಸಂಗೀತ, ಮೇಲಿಂದ ಉದುರುವ ಹೂವಿನ ಎಸಳು...

ಮಹಾನಂದಾಳಿಗೆ ಯಾರಾದರೂ ಹೊಗಳಿ ಬರೆದರೆ ಸಾಕು, ಇವಳ ಬ್ಲಾಗಿನಲ್ಲಿ ಒಂದು ಹೊಸ ಅಲಂಕಾರ ಬರುತ್ತಿತ್ತು. ಎಷ್ಟು ಜನ ಬಂದರು ಅಂತ ತೋರಿಸುವ ಕೌಂಟರನ್ನೂ ಹಾಕಿದಳು. ಅದರಲ್ಲಿ ಅರ್ಧ ಸಲ ಬಂದವಳು ತಾನೇ ಅಂತ ಅವಳಿಗೆ ಗೊತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ...

ರೈಲ್ವೆ ವರ್ಕ್‌ಶಾಪಿನಿಂದ ರಿಟೈರ್ ಆದ ಅಪ್ಪ ಚನ್ನವೀರಪ್ಪ, ಪಡಸಾಲೆಯಲ್ಲಿ ಫೋನ್ ಹಿಡಿದು ತಮ್ಮಷ್ಟಕ್ಕೆ ನಗುತ್ತ ಓದುತ್ತಿದ್ದರು. ತನ್ನದೇ ಬರಹ ಇರಬೇಕು ಅಂತ ಶೈಲಜಾ ಖುಷಿಯಿಂದ ಹಿಂದಿನಿಂದ ಬಗ್ಗಿ ನೋಡಿದಳು.

ಬಿಳಿ ಪುಟ. ದೊಡ್ಡ ಕಪ್ಪು ಅಕ್ಷರ.

ಇಷ್ಟು ದಿನದ ಉರಿಯೆಲ್ಲ ಒಮ್ಮೆಲೇ ಬಾಯಿಗೆ ಬಂತು.

"ಮನ್ಯಾಗ ಮಗಳು ಬರೀತಾಳ... ನಿನಗ ಅಕಿ ಬರದದ್ದ ಬೇಕಾತೇನ ಅಪ್ಪಾ?"

ಅಪ್ಪ ಸಿಟ್ಟಾಗಲಿಲ್ಲ. ಫೋನನ್ನು ಅವಳ ಕೈಗೆ ಕೊಟ್ಟು, ನಿನ್ನದು ತೆಗೆದುಕೊಡು, ಓದಿ ತೋರಿಸುತ್ತೇನೆ ಅಂದರು.

ಅವಳು ಅವ್ವನ ಮೇಲೆ ಬರೆದದ್ದನ್ನು ತೆರೆದುಕೊಟ್ಟಳು. ಕೊಳಲು ಶುರುವಾಯಿತು, ಹೂವು ಉದುರಿತು. ಅಪ್ಪ ಫೋನನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು...

"ಅವ್ವ" ಅಂತ ಓದಿ ನಿಂತರು.

"ದಪ್ಪ ಅಕ್ಷರದಾಗ ಹೆಸರು ಹಾಕೀಯಲ್ಲ, ಅಷ್ಟ ಕಾಣಸ್ತದ ನೋಡವ್ವಾ. ಕೆಳಗಿಂದೆಲ್ಲಾ ಮಂಜು."

ಹಾಗಾದರೆ ಪ್ರತಿ ಸಲ ಛಲೋ ಬರದೀ ಅಂತ ಯಾಕೆ ಹಾಕುತ್ತಿದ್ದೆ ಅಂತ ಶೈಲಜಾ ಮೆಲ್ಲಗೆ ಕೇಳಿದಳು.

"ನೀ ಅಷ್ಟು ಹುರುಪಿಲೆ ಬಣ್ಣ ಹಚ್ಚತಿದ್ದಿ. ಕಾಣಂಗಿಲ್ಲ ಅಂದ್ರ ನಿನಗ ಬ್ಯಾಸರ ಆಗ್ತದ ಅಂತ ಸುಮ್ನಿದ್ದೆ. ಮಹಾನಂದಾಗ ಹೇಳೂದು ಸಲೀಸಾತು... ಅಕಿ ನನ್ನ ಮಗಳಲ್ಲ."

ಸಂಜೆ ಶೈಲಜಾ ಮಹಾನಂದಾಳ ಮನೆಗೆ ಹೋದಳು. ಆ ಹೊಸ್ತಿಲು ತುಳಿದು ಬಹಳ ದಿನವಾಗಿತ್ತು.

ಮಹಾನಂದಾ ಎಲ್ಲ ಹೇಳಿದಳು. ಅವಳ ಬ್ಲಾಗಿನಲ್ಲೂ ಮೊದಲು ಬಣ್ಣ, ಫೋಟೋ ಎಲ್ಲ ಇತ್ತಂತೆ. ಪಾರ್ಕಿನಲ್ಲಿ ಸಿಕ್ಕ ಚನ್ನವೀರಪ್ಪ ಓದಲಾಗುತ್ತಿಲ್ಲ ಅಂದಾಗ, ಎಲ್ಲ ತೆಗೆದು ಅಕ್ಷರ ದೊಡ್ಡದು ಮಾಡಿದಳಂತೆ. ಅವರು ಪಾರ್ಕಿನ ಹಿರಿಯರಿಗೆಲ್ಲ ಹೇಳಿದರು... ಓದುಗರು ಹೆಚ್ಚಾದದ್ದು ಹಾಗೆ.

ಆಮೇಲೆ ಇನ್ನೊಂದು ಮಾತು ಹೇಳಿದಳು.

"ನಿಮ್ಮವ್ವನ ಮ್ಯಾಲೆ ನೀ ಬರದದ್ದನ್ನ 'ನಾ ಓದಿ ಹೇಳ್ತೇನಿ ಕಾಕಾ' ಅಂತ ನಿಮ್ಮಪ್ಪಗ ಅಂದಿದ್ದೆ. 'ಬ್ಯಾಡವಾ, ಅದನ್ನ ನಾನ ಓದಬೇಕು' ಅಂದ್ರು."

ಶೈಲಜಾ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು... ಯಾರ ಅಕ್ಷರ ನೋಡಿ ಅಷ್ಟು ದಿನ ಉರಿದಿದ್ದಳೋ, ಆ ಅಕ್ಷರ ಅವಳ ಅಪ್ಪನಿಗಾಗಿಯೇ ದೊಡ್ಡದಾಗಿತ್ತು.

ಇಬ್ಬರೂ ಕೂಡಿ ಕೂತು ಶೈಲಜಾಳ ಬ್ಲಾಗಿನಿಂದ ಕೆರೆಯ ಫೋಟೋ ತೆಗೆದುಹಾಕಿ, ಅಕ್ಷರ ದೊಡ್ಡದು ಮಾಡಿದರು. ಕೊಳಲು ನಿಂತಿತು, ಹೂವು ನಿಂತಿತು. ಕೌಂಟರನ್ನು ಶೈಲಜಾ ತಾನೇ ಅಳಿಸಿದಳು.

ಮನೆಗೆ ಬಂದು, ಅವ್ವನ ಬರಹ ತೆರೆದು ಅಪ್ಪನ ಕೈಗೆ ಫೋನ್ ಕೊಟ್ಟಳು.

ಅಪ್ಪ ಒಂದೊಂದೇ ಸಾಲು ಬಾಯಿಬಿಟ್ಟು ಓದಿದರು. ನಡುವೆ ಎರಡು ಸಲ ನಿಂತರು. ಕಡೆಗೆ ಕನ್ನಡಕ ತೆಗೆದು, ಕಣ್ಣು ಒರೆಸಿಕೊಂಡು ಅಂದರು...

"ಎಲ್ಲಾ ಖರೇ ಬರದೀ. ಆದ್ರ ಅವತ್ತು ನಿಮ್ಮವ್ವ ಉಟ್ಟಿದ್ದು ಹಸರ ಸೀರಿ ಅಲ್ಲವಾ... ನೀಲಿ."

ಶೈಲಜಾ ಅಳುತ್ತಲೇ ನಕ್ಕಳು. ಅಪ್ಪನ ಪಕ್ಕದಲ್ಲೇ ಕೂತು ಆ ಒಂದು ಪದ ತಿದ್ದಿದಳು.

ಪಕ್ಕದವರನ್ನು ನೋಡಿ ಉರಿಯುವ ಕಣ್ಣಿಗೆ, ಪಕ್ಕದಲ್ಲೇ ಕೂತ ತನ್ನವರು ಕಾಣುವುದಿಲ್ಲ.

ನೀವು ಇಷ್ಟು ಕಷ್ಟಪಟ್ಟು ಚಂದ ಮಾಡುತ್ತಿರುವುದು ಯಾರಿಗಾಗಿ... ಅದು ಅವರಿಗೆ ತಲುಪುತ್ತಿದೆಯೇ ಅಂತ ಒಮ್ಮೆಯಾದರೂ ಕೇಳಿದ್ದೀರಾ?