ಹೊರಗೆ ಬಿಸಿಲು, ಒಳಗೆ ಹೀಟರ್

"ಎಸಿ ಒಂದು ಕೈಕೊಟ್ಟಿದೆ ಕಣಯ್ಯ, ಬಿಸಿಗಾಳಿ ಬರುತ್ತೆ. ಅದು ಬಿಟ್ರೆ ಗಾಡಿ ಚಿನ್ನ," ಎಂದು ಇನ್‌ಸ್ಪೆಕ್ಟರ್ ಹಣೆಯ ಬೆವರು ಒರೆಸಿಕೊಂಡ. ಪಕ್ಕದಲ್ಲಿ ಕೂತಿದ್ದವನು ಅವನ ಹೆಂಡತಿಯ ತಮ್ಮ, ಬೇಕರಿಯವನು. ಗುಡ್ಡದ ಮೇಲಿನ ಅಂಗಡಿಗಳಿಗೆ ಬ್ರೆಡ್ಡು ಬನ್ನು ಸಾಗಿಸಲು ಅವನಿಗೊಂದು ಹಳೇ ಕಾರು ಬೇಕಿತ್ತು. ಭಾವನಿಗೆ ಈ ಕಾರನ್ನು ಹೇಗಾದರೂ ಇವತ್ತೇ ಅವನ ತಲೆಗೆ ಕಟ್ಟಬೇಕಿತ್ತು. ಸಮತಟ್ಟು ರಸ್ತೆಯಲ್ಲಿ ಒಂದು ಸುತ್ತು ಹಾಕಿಸಿ ಮುಗಿಸೋಣವೆಂದಿದ್ದ. ಬೇಕರಿಯವನು "ಏರು ಹತ್ತಿಸಿ ಭಾವ" ಎಂದು ಪಟ್ಟು ಹಿಡಿದಿದ್ದ. ಸುಡುವ ಮಧ್ಯಾಹ್ನದಲ್ಲಿ ಕಾರು ಏದುಸಿರು ಬಿಡುತ್ತ ಏರುತ್ತಿತ್ತು.

ಕೈಕೊಟ್ಟದ್ದು ಎಸಿಯಲ್ಲ, ಇಂಜಿನ್. ಹೋದ ವಾರ ಮೆಕ್ಯಾನಿಕ್ ಬಾನೆಟ್ಟಿನಿಂದ ತಲೆ ಹೊರತೆಗೆದು ಹೇಳಿದ್ದ: "ರೇಡಿಯೇಟರ್ ಕಟ್ಕೊಂಡಿದೆ, ಇಂಜಿನ್ ಹೆಡ್ಡೂ ಬಾಗಿದೆ ಸಾರ್. ರಿಪೇರಿ ಮಾಡ್ಸೋ ಬದಲು ಇನ್ನೊಂದು ಕಾರೇ ತಗೋಬಹುದು. ಸದ್ಯಕ್ಕೆ ಮನೆ ತಲುಪೋ ತನಕ ಹೀಟರ್ ಹಾಕ್ಕೊಂಡು ಹೋಗಿ. ಇಂಜಿನ್ ಬಿಸಿಯೆಲ್ಲ ನಿಮ್ಮ ಕಡೆ ಬರುತ್ತೆ, ಬಿಸಿ ತೋರಿಸೋ ಮುಳ್ಳು ಕೆಂಪು ಮುಟ್ಟಲ್ಲ." ಮನೆ ತಲುಪಲು ಹೇಳಿಕೊಟ್ಟ ಉಪಾಯವನ್ನು ಇನ್‌ಸ್ಪೆಕ್ಟರ್ ಮಾರಾಟಕ್ಕೆ ಎತ್ತಿಟ್ಟುಕೊಂಡಿದ್ದ.

ಅವನು ತೂಕ ಮತ್ತು ಅಳತೆ ಇಲಾಖೆಯವನು. ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ಆಚೀಚೆ ಇದ್ದರೂ ಅಂಗಡಿಯವರ ಬೆವರಿಳಿಸುತ್ತಿದ್ದ. ಹೋದ ವರ್ಷ ಭಾವಮೈದುನನ ಬೇಕರಿಗೇ ನುಗ್ಗಿ, ಹತ್ತು ಗ್ರಾಂ ವ್ಯತ್ಯಾಸ ಕಂಡುಹಿಡಿದು, ಗಿರಾಕಿಗಳ ಎದುರೇ ತಕ್ಕಡಿಯನ್ನು ಜೀಪಿಗೆ ಹಾಕಿಸಿದ್ದ. "ನೆಂಟಸ್ತನ ಮನೇಲಿಟ್ಕೋ. ಮುಳ್ಳು ಸುಳ್ಳು ಹೇಳಲ್ಲ," ಎಂದಿದ್ದ.

ಈಗಲೂ ಅದೇ ಪಾಠ. "ನೋಡು, ಇಷ್ಟು ಏರಲ್ಲೂ ಮುಳ್ಳು ನಡುವಲ್ಲೇ ನಿಂತಿದೆ. ಮುಳ್ಳು ಸುಳ್ಳು ಹೇಳಲ್ಲ."

"ಹೌದಲ್ವಾ," ಎಂದ ಬೇಕರಿಯವನು. ಅವನ ಮುಖದಲ್ಲಿ ಒಂದು ಹನಿ ಬೆವರಿರಲಿಲ್ಲ.

"ನಿಂಗೆ ಸೆಕೆ ಆಗ್ತಿಲ್ವೇನೋ?"

"ದಿನಾ ಒಲೆ ಮುಂದೆ ನಿಲ್ಲೋನಿಗೆ ಇದೆಂಥ ಸೆಕೆ ಭಾವ?" ಎಂದವನು ಗಾಳಿ ಬರುವ ಕಿಂಡಿಗೆ ಅಂಗೈ ಒಡ್ಡಿ ಎಣಿಸತೊಡಗಿದ. "ಒಂದು, ಎರಡು, ಮೂರು..."

"ಏನದು ಶಾಲೆ ಮಕ್ಕಳ ಹಾಗೆ?"

"ನಮ್ಮ ಒಲೆಯ ಮೀಟರ್ ಕೆಟ್ಟು ಆರು ವರ್ಷ ಆಯ್ತು. ಕೈ ಒಡ್ಡಿ ಎಣಿಸ್ತೀನಿ. ಐದಕ್ಕೆ ಕೈ ಸುಟ್ರೆ ಬ್ರೆಡ್ಡು, ಹತ್ತಕ್ಕಾದ್ರೆ ಬಿಸ್ಕತ್ತು." ಅವನು ಅಂಗೈ ಉಜ್ಜಿಕೊಂಡ. "ಎಸಿ ಕೆಟ್ರೆ ಬೀದಿ ಗಾಳಿ ಬರಬೇಕು ಭಾವ. ಇಲ್ಲಿ ಹಿಟ್ಟು ಕಲೆಸಿಟ್ರೆ ಹತ್ತೇ ನಿಮಿಷಕ್ಕೆ ಉಬ್ಬಿ ನಿಲ್ಲುತ್ತೆ." ಎನ್ನುತ್ತಲೇ ಕೈ ಚಾಚಿ, ಕೆಂಪು ತುದಿಯಲ್ಲಿದ್ದ ಹೀಟರಿನ ತಿರುಪನ್ನು ನೀಲಿ ತುದಿಗೆ ತಿರುಗಿಸಿಬಿಟ್ಟ.

"ಏಯ್, ಅದನ್ನ ಮುಟ್ಬೇಡ!" ಸುಳ್ಳು ಹೊಳೆಯುವ ಮೊದಲೇ ನಿಜ ಬಾಯಿಂದ ಬಿದ್ದಿತ್ತು.

ಬಿಸಿಗಾಳಿ ನಿಂತಿತು. "ನೋಡಿ, ಎಸಿ ಸರಿಹೋಯ್ತು," ಎಂದ ಬೇಕರಿಯವನು.

ಎರಡು ತಿರುವಿನವರೆಗೆ ಮುಳ್ಳು ಮಾನ ಕಾಪಾಡಿತು. ಮೂರನೆಯದರಲ್ಲಿ ಎದ್ದು ಕೆಂಪಿಗೆ ಹೋಗಿ ಒರಗಿತು. ಇಬ್ಬರೂ ಅದನ್ನೇ ನೋಡುತ್ತಿದ್ದರು. ಬಾನೆಟ್ಟಿನ ಅಂಚಿನಿಂದ ಹಬೆ ಬುಸುಗುಟ್ಟಿತು. ಕಾರು ರಸ್ತೆ ಬದಿಯ ಕಿತ್ತಳೆ ಅಂಗಡಿಯ ಎದುರು ಹೋಗಿ ನಿಂತಿತು.

ಇಳಿದವನು ಯಾರೆಂದು ಕಂಡದ್ದೇ ಅಂಗಡಿಯಾಕೆಯ ಮುಖ ಬಿಳಿಚಿತು. ತಕ್ಕಡಿಯ ತಟ್ಟೆಯಡಿಗೆ ಕೈ ಹಾಕಿ, ಅಂಟಿಸಿದ್ದ ಕಬ್ಬಿಣದ ಚೂರೊಂದನ್ನು ಕಿತ್ತು ಹಣ್ಣಿನ ಬುಟ್ಟಿಗೆ ತುರುಕಿದಳು. ಇನ್‌ಸ್ಪೆಕ್ಟರ್ ಅದನ್ನು ಕಣ್ಣಾರೆ ಕಂಡ.

"ಮುಳ್ಳು ಸೊನ್ನೇಲೇ ಇದೆ ಸಾಹೇಬ್ರೇ! ಬೇಕಾದ್ರೆ ನೋಡಿ!"

"ನೋಡಕ್ಕೆ ಬಂದಿಲ್ಲಮ್ಮ. ಒಂದು ಕೊಡ ನೀರು ಕೊಡು."

"ಈಗ್ಲೇ ನೀರು ಸುರಿದ್ರೆ ಇಂಜಿನ್ ಸೀಳುತ್ತೆ ಭಾವ. ಅರ್ಧ ಗಂಟೆ ಆರ್ಲಿ," ಎಂದ ಬೇಕರಿಯವನು, ಗುಡ್ಡ ಇಳಿದು ಬರುತ್ತಿದ್ದ ವ್ಯಾನಿಗೆ ಕೈ ಅಡ್ಡ ಹಿಡಿಯುತ್ತ. "ನಾನು ಹೊರಡ್ತೀನಿ. ಅಕ್ಕ ಕೇಳಿದ್ರೆ ಏನನ್ಲಿ?"

ಇನ್‌ಸ್ಪೆಕ್ಟರ್ ಕರವಸ್ತ್ರದಿಂದ ಬಾನೆಟ್ಟಿಗೆ ಗಾಳಿ ಹಾಕತೊಡಗಿದ.

"ಎಸಿ ರಿಪೇರಿ ಮಾಡಿಕೊಟ್ಟೆ ಅಂತ ಹೇಳ್ತೀನಿ, ಬಿಡಿ." ವ್ಯಾನು ಅವನನ್ನು ಹತ್ತಿಸಿಕೊಂಡು ಹೋಯಿತು.

ಅಂಗಡಿಯಾಕೆ ಸ್ಟೂಲೊಂದನ್ನು ಒರೆಸಿ ತಂದು ತಕ್ಕಡಿಯ ಮುಂದೆಯೇ ಹಾಕಿದಳು. ಮುಳ್ಳು ಸಾಹೇಬರಿಗೆ ಚೆನ್ನಾಗಿ ಕಾಣಲೆಂದು ತಕ್ಕಡಿಯ ಮುಖವನ್ನೂ ಅತ್ತ ತಿರುಗಿಸಿಟ್ಟಳು. ಇಂಜಿನ್ ಆರುವವರೆಗಿನ ಆ ಅರ್ಧ ಗಂಟೆ ಅಲ್ಲಿ ಯಾವ ಗಿರಾಕಿಗೂ ತೂಕದಲ್ಲಿ ಮೋಸವಾಗಲಿಲ್ಲ.