ಬೆನ್ನಿಗೆ ಮಲಗಿದವರು

ಎದೆಯಿಂದ ಇಳಿಯುವ ದೊಡ್ಡ ರಕ್ತನಾಳಕ್ಕೆ ಹೊಲಿಗೆ ಹಾಕುವಷ್ಟು ಹೊತ್ತು ರೋಗಿಯ ಬೆನ್ನುಹುರಿಗೆ ರಕ್ತ ಸಿಗುವುದಿಲ್ಲ. ಹಾಗೇ ಬಿಟ್ಟರೆ ಕಾಲಿನ ಸ್ವಾಧೀನ ತಪ್ಪುತ್ತದೆ. ಅದಕ್ಕೇ ಮನೆಯವರೊಬ್ಬರು ಬೆನ್ನಿಗೆ ಬೆನ್ನು ತಾಗಿಸಿ ಮಲಗಿ, ಕೊಳವೆಯಲ್ಲಿ ತಮ್ಮ ರಕ್ತ ಹರಿಸುವುದು ಬಾಣಂತನದಷ್ಟೇ ಮಾಮೂಲು. ಹೆಣ್ಣುಮಕ್ಕಳಿಗೆ ತವರಿನವರೇ ಮಲಗಬೇಕು.

"ನಮ್ಮನೆ ಹುಡುಗಿಗೆ ನಮ್ಮ ರಕ್ತಾನೇ ಹರೀಬೇಕು," ಎಂದು ತಂಗಿ ಶಾಂಭವಿಯ ಗಂಡ ಓಬಳೇಶನನ್ನು ಆಪರೇಷನ್ ಕೋಣೆಯ ಬಾಗಿಲಲ್ಲೇ ತಡೆದು ತಿಪ್ಪೇರುದ್ರ ಒಳಗೆ ಹೋಗಿದ್ದ. ಜಾತಿ ಬೇರೆಯೆಂದು ಅವರ ಮದುವೆಗೂ ಹೋಗದಿದ್ದ ಮಹಾನುಭಾವ. ಆದರೆ ಅರ್ಧದಲ್ಲಿ ತನ್ನ ಕಾಲೇ ಜೋಮು ಹಿಡಿದಾಗ, "ಬಿಚ್ರೀ, ನನ್ ಕೈಲಾಗಲ್ಲ!" ಎಂದು ಕೂಗಿಕೊಂಡ. ಓಬಳೇಶ ಅಂಗಿ ಬಿಚ್ಚುತ್ತಲೇ ಓಡಿಬಂದು, ಭಾವನ ಮೈಬಿಸಿ ಇನ್ನೂ ಆರದ ಮಂಚದ ಮೇಲೆ ಮಲಗಿದ.

ಮರುದಿನ ಮತ್ತಿನಿಂದ ಎಚ್ಚೆತ್ತ ಶಾಂಭವಿ ಕಾಲ್ಬೆರಳು ಆಡಿಸಿ ನಕ್ಕಳು. ಬೆನ್ನಿಗೆ ಮಲಗಿದವರಿಗೆ ರೋಗಿ ತನ್ನ ಕೈಯಾರೆ ಎಳನೀರು ಕೊಡುವುದು ವಾಡಿಕೆ. ಲೋಟವನ್ನು ಅಣ್ಣನತ್ತ ಚಾಚಿದವಳು, ಗೋಡೆಗೆ ಒರಗಿ ನಿಂತಿದ್ದ ಗಂಡನನ್ನು ರೇಗಿಸಿದಳು. "ಮಲಗಿದ್ದು ನಮ್ಮಣ್ಣ. ಸುಸ್ತು ಮಾತ್ರ ನಿಮಗಾ?"

"ಶಾಂಭವಿ, ಅದು..." ಎಂದು ತಿಪ್ಪೇರುದ್ರ ಶುರುಮಾಡಿದ.

"ರಾತ್ರಿಯೆಲ್ಲ ನಿದ್ದೆ ಇಲ್ಲ ಕಣೇ," ಎಂದ ಓಬಳೇಶ, ಬೆನ್ನ ಮೇಲಿನ ಪಟ್ಟಿ ಅವಳಿಗೆ ಕಾಣದಂತೆ ಗೋಡೆಗೆ ಇನ್ನಷ್ಟು ಆತುಕೊಂಡ. "ಕುಡೀರಿ ಭಾವ, ಕೊಡ್ತಿದಾಳಲ್ಲ."

ತಿಪ್ಪೇರುದ್ರ ತಲೆ ತಗ್ಗಿಸಿಕೊಂಡೇ ಲೋಟ ತೆಗೆದುಕೊಂಡ. ಪೂರ್ತಿ ಕುಡಿದ.