ಚೌಕ ತೆರೆ

"ಗುರ್ರ್ರ್..." ಎಂದಿತು ಮೈಕು. ಮಾತಾಡುತ್ತಿದ್ದ ಕಾರ್ಯದರ್ಶಿ ಶಾಂತಿನಾಥ ಬೆಚ್ಚಿ ಹಿಂದೆ ಸರಿದ.

"ಇನ್ನೊಮ್ಮೆ ಮಾತಾಡ್ರಿ," ಎಂದರು ಹೈನುಗಾರರ ಸಂಘದ ಅಧ್ಯಕ್ಷ ರಾವಸಾಹೇಬರು. ಸಭಾಭವನದ ಕಟ್ಟಕಡೆಯ ಸಾಲಿನಲ್ಲಿ ಕಿವಿಗೆ ಕೈ ಹಚ್ಚಿ ಕುಳಿತಿದ್ದರು.

1996ನೇ ಇಸವಿ. ಅಥಣಿ ತಾಲೂಕಿನ ಆ ಹಳ್ಳಿಯಲ್ಲಿ ಕರೆಂಟು ಹೇಳದೆ ಬರುತ್ತಿತ್ತು, ಕೇಳದೆ ಹೋಗುತ್ತಿತ್ತು. ವಾರ್ಷಿಕ ಸಭೆಗೆ ಇನ್ವರ್ಟರ್ ಕೊಳ್ಳುವ ಠರಾವಾಗಿತ್ತು. ಚಿಕ್ಕೋಡಿಯ ವ್ಯಾಪಾರಿ ಜಯಪಾಲ ಎರಡು ಇನ್ವರ್ಟರುಗಳ ಜೊತೆಗೆ ಪರದೆಯಿದ್ದ ಪೆಟ್ಟಿಗೆಯೊಂದನ್ನೂ ತಂದಿದ್ದ. ಒಂದರ ಕರೆಂಟು ಪರದೆಯ ಮೇಲೆ ಹೊಳೆಯ ತೆರೆಯಂತೆ ನುಣ್ಣಗೆ ಏರಿಳಿಯಿತು. ಇನ್ನೊಂದರದು ಕೋಟೆಗೋಡೆಯ ತೆನೆಗಳಂತೆ ಚೌಕ ಚೌಕ.

"ಸಾಹೇಬ್ರ, ದುಂಡನ್ನ ತೆರೀದು ತಗೋರಿ. ಚೌಕಿಂದು ದೀಪಕ್ಕ ನಡೀತೈತಿ. ಮೈಕಿಗೆ ಹಚ್ಚಿದ್ರ ಹಿಂಗ ಗುರ್ ಅಂತೈತಿ," ಎಂದ ಜಯಪಾಲ.

"ಮಾತು ತಿಳಿಯೂದ ಇಲ್ಲೇನು?"

"ಒಂದಕ್ಷರಾನೂ ತಿಳಿಯೂದಿಲ್ರಿ."

ರಾವಸಾಹೇಬರು ಎರಡನ್ನೂ ಮತ್ತೆ ಮತ್ತೆ ಹಚ್ಚಿಸಿ ಕೇಳಿದರು. ಕೊನೆಗೆ ಚೌಕದ್ದನ್ನೇ ಆರಿಸಿದರು. "ನಮ್ಮದು ಬಡವರ ಸಂಘ. ಶೋಕಿ ಯಾಕ ಬೇಕು?"

ಶಾಂತಿನಾಥ ಹಣೆ ಚಚ್ಚಿಕೊಂಡ. ಇಷ್ಟು ಸರಳ ಅಧ್ಯಕ್ಷರು ಸಿಕ್ಕಿದ್ದು ಊರಿನ ಪುಣ್ಯವೆಂದರು ಸದಸ್ಯರು.

ಸಭೆಯ ದಿನ ಕರೆಂಟಿತ್ತು. ಅಧ್ಯಕ್ಷರ ವರದಿ ಗಂಟೆ ಬಾರಿಸಿದಷ್ಟು ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ದುಂಡವ್ವ ಎದ್ದಳು. ಸದಸ್ಯರ ಎಮ್ಮೆಗಳಿಗೆಂದು ಬಂದ ಹಿಂಡಿ ಯಾರ ಕೊಟ್ಟಿಗೆ ಸೇರಿತೆಂದು ವರ್ಷವಿಡೀ ಕೇಳುತ್ತ ಬಂದವಳು. ಮೈಕು ಕೈಗೆ ತೆಗೆದುಕೊಂಡಳು.

"ನಮ್ಮ ಹಿಂಡಿ ಚೀಲ ಯಾರ ಮನ್ಯಾಗ..."

ಫ್ಯಾನುಗಳು ನಿಂತವು. ಇನ್ವರ್ಟರ್ ಎಚ್ಚೆತ್ತಿತು. ಗುರ್ರ್ರ್!

ದುಂಡವ್ವ ಬಿಡಲಿಲ್ಲ. ಮೈಕು ಕೆಳಗಿಟ್ಟು ಕೂಗಿದಳು. ಲೌಡ್‌ಸ್ಪೀಕರುಗಳ ಗದ್ದಲದಲ್ಲಿ ಅದೂ ಮುಳುಗಿತು. ಅವಳ ಬೆರಳು ವೇದಿಕೆಯತ್ತ ಚಾಚಿದ್ದು, ಕಣ್ಣಲ್ಲಿ ನೀರು ತುಂಬಿದ್ದು ಮಾತ್ರ ಕಂಡಿತು.

"ಏನಂತಾಳೋ?" ಹಿಂದಿನ ಸಾಲಿನಲ್ಲಿ ಒಬ್ಬ ಕೇಳಿದ.

"ಅಧ್ಯಕ್ಷರನ್ನ ಹೊಗಳಾಕತ್ತಾಳ. ಪಾಪ, ಕಣ್ಣೀರ ಬಂದಾವ ನೋಡು."

ಚಪ್ಪಾಳೆ ಬಿತ್ತು. ಅದರಲ್ಲೇ ಲೆಕ್ಕಪತ್ರಕ್ಕೂ ಒಪ್ಪಿಗೆ ಸಿಕ್ಕಿತು. ರಾವಸಾಹೇಬರು ಇಳಿದು ಬಂದು ದುಂಡವ್ವನಿಗೆ ಕೈ ಮುಗಿದರು. "ಏನ್ ಮಾಡೂದವ್ವಾ, ಕರೆಂಟಿನ ಮುಂದ ಯಾರದ ನಡೀತೈತಿ?"

ಭವನ ಖಾಲಿಯಾಗಿ ರಾವಸಾಹೇಬರೊಬ್ಬರೇ ಉಳಿದರು. ಹಿತ್ತಲ ಬಾಗಿಲಿನಿಂದ ಸಂಘದ ಸಿಪಾಯಿ ಕಾಮಣ್ಣ ಇಣುಕಿದ.

"ಎಲ್ಲಾರೂ ಹೋದ್ರು ಸಾಹೇಬ್ರ. ಫ್ಯೂಜ್ ತಿರುಗಿ ಹಾಕ್ಲೇನ್ರಿ?"